ಗಾಳೇಶನ ಡಬ್ಬಿಯ ಎಳೇ ಸಿಪಾಯಿಗಳು

"ಯಮ್ಮಾ, ಆ ಡಬ್ಬಿ ಮ್ಯಾಲ ಚೀಲ ಇಡಬ್ಯಾಡ್ರಿ" ಎಂದು ಗಾಳೇಶ ಅಂದದ್ದೇ ತಪ್ಪಾಯಿತು. ತಾವರಗೇರಾದಿಂದ ಗಂಗಾವತಿಗೆ ಹೋಗುವ ಬಸ್ಸಿನಲ್ಲಿ ಯಾರಾದರೂ ಏನನ್ನಾದರೂ ಮುಟ್ಟಬೇಡಿ ಎಂದರೆ, ಒಳಗೇನಿದೆ ಎಂದು ತಿಳಿಯುವ ತನಕ ಯಾರ ಮನಸ್ಸಿಗೂ ಸಮಾಧಾನವಿರುವುದಿಲ್ಲ.

"ಯಾಕಪಾ, ತತ್ತಿ ಅದಾವೇನು?" ಪಕ್ಕದಲ್ಲಿ ಕೂತಿದ್ದ ಮುದುಕಿ ಗೌಸಬೀ ಚೀಲ ಎತ್ತಿಕೊಂಡು ಕೇಳಿದಳು.

"ಅಲ್ರಿ. ರಕ್ತ."

ಸುಳ್ಳು ಹೇಳಲು ಬಾರದ್ದು ಗಾಳೇಶನ ಹುಟ್ಟುಗುಣ. ಅವನು ತಾವರಗೇರಾದ ಒಂದು ಹೆರಿಗೆ ಆಸ್ಪತ್ರೆಯ ಜವಾನ. ಕೂಸು ಹುಟ್ಟಿ, ಬಳ್ಳಿ ಕತ್ತರಿಸಿದ ಮೇಲೆ ಅದರಲ್ಲಿ ಉಳಿದ ರಕ್ತವನ್ನು ಗಂಗಾವತಿಯ ಪ್ರಯೋಗಶಾಲೆಗೆ ಮುಟ್ಟಿಸುವುದು ಅವನ ಪಾಲಿಗೆ ಬಂದಿತ್ತು. ಬಸ್ಸು ಹತ್ತಿದರೆ ಸಾಕು, ಅವನ ಹೊಟ್ಟೆ ಮಜ್ಜಿಗೆ ಕಡೆದಂತೆ ತೊಳಸುತ್ತಿತ್ತು. ಅಷ್ಟು ಕಷ್ಟಪಟ್ಟು ಒಯ್ದರೂ ರಕ್ತದೊಳಗಿನ ಬಿಳಿಕಣಗಳು ಒಮ್ಮೆ ಸೆಕೆಗೆ ಸತ್ತಿದ್ದವು, ಇನ್ನೊಮ್ಮೆ ಅವನೇ ಬುದ್ಧಿ ಓಡಿಸಿ ಐಸಿನಲ್ಲಿಟ್ಟು ಸಾಯಿಸಿದ್ದ. ಈ ಮುಂಜಾನೆ ಪ್ರಯೋಗಶಾಲೆಯ ಡಾಕ್ಟರ್ ಲಲಿತಾ ಫೋನಿನಲ್ಲಿ ಹೇಳಿದ್ದರು: "ಇವತ್ತ ಒಂದ್ಸಲ ಜೀವಂತ ತಂದು ಮುಟ್ಟಸು ಗಾಳೇಶ. ನಾಳಿಂದ ಜೀಪು ಹಚ್ಚತೀನಿ. ನೀ ಊರಾಗ ವಾರ್ಡಿನ ಕೆಲಸ ಮಾಡ್ಕೊಂಡು ಆರಾಮ ಇರು." ಗಾಳೇಶ ಮನೆದೇವರಾದ ಗಾಳೆಮ್ಮನಿಗೆ ಹರಕೆಯ ಕಾಯಿ ಕಟ್ಟಿಯೇ ಬಸ್ಸು ಹತ್ತಿದ್ದ.

"ಯಾರ ರಕ್ತ?" ಗೌಸಬೀಯ ದನಿ ಏರಿತು.

"ಇವತ್ತ ಹುಟ್ಟಿದ ಕೂಸಿಂದ್ರಿ. ಹೊಕ್ಕಳಬಳ್ಳಿಂದು."

ಬಸ್ಸಿನಲ್ಲಿ ಸಂತೆಯ ಹಾಗೆ ಗದ್ದಲವೆದ್ದಿತು.

"ಮಾಸಿನ ಕೂಡ ಹಿತ್ತಲದಾಗ ಹೂಳೋದನ್ನ ಬಸ್ಸಿನ್ಯಾಗ ತಗೊಂಡು ಹೊಂಟೀಯೇನೋ? ಅದರ ತಾಯಿಗೆ ಗೊತ್ತೈತೇನು?" ಗೌಸಬೀ ಗದರಿದಳು.

"ತಾಯೀನ ಹೂಂ ಅಂದಾಳ್ರಿ ಯಮ್ಮಾ. ಮಾಸು ಹೂಳಾಕ ಮನಿಗೆ ಕೊಟ್ಟೀವಿ. ಇದು ಬಳ್ಳಿಯಾಗ ಉಳಿದದ್ದು."

ಕಂಡಕ್ಟರ್ ಅಲ್ತಾಫ ಸೀಟಿ ಬಾಯಲ್ಲಿಟ್ಟುಕೊಂಡೇ ಬಂದ. "ಅಲ್ಲಿ ಇದನ್ನ ಏನ್ ಮಾಡ್ತಾರ?"

"ಇದರಾಗಿನ ಬಿಳಿಕಣಕ್ಕ ವೈರಸ್ ತೋರಸ್ತಾರ್ರಿ, ಹೆಂಗ ಎದುರಿಸ್ತಾವ ನೋಡಾಕ. ನಮ್ಮ ರಕ್ತದಾಗಿನ ಬಿಳಿಕಣ ಹಳೇ ಸಿಪಾಯಿ ಇದ್ದಂಗ. ನೆಗಡಿ, ಗೋಬರ-ದಡಾರ ಎಲ್ಲಾ ಕಂಡಾವ, ವೈರಿ ನೆನಪು ಇಟ್ಕೊಂಡಾವ. ಈ ಕೂಸಿನವು ಏನೂ ಕಂಡಿಲ್ಲ. ಬಂದೂಕಿಲ್ಲ, ಬಟ್ಟಿ ಇಲ್ಲ. ಆದ್ರೂ ವೈರಸ್ ಎದುರಿಗೆ ಬಂದ್ರ ಓಡಿ ಹೋಗೂದಿಲ್ಲಂತ. ಒಂದಕ್ಕೊಂದು ಸುದ್ದಿ ಮುಟ್ಟಸ್ತಾವಂತ. ನಮ್ಮ ಹಳೇ ಸಿಪಾಯಿಗಳಂಗ ರಂಪ ಮಾಡೂದಿಲ್ಲ, ಕೈಯಾಗಿನ ಮದ್ದುಗುಂಡೂ ಕಮ್ಮಿ. ಆದ್ರೂ ನಿಂದರ್ತಾವ."

"ರಂಪ ಯಾಕ ಮಾಡೂದಿಲ್ಲ?"

"ಹೊಟ್ಟ್ಯಾಗ ಇದ್ದಾಗ ತಾಯಿ ಮ್ಯಾಲ ಕೈ ಮಾಡಬಾರದಲ್ರಿ. ತಡಕೊಳ್ಳೂದು ಅಲ್ಲೇ ಕಲ್ತಿರತಾವಂತ."

ಹಿಂದಿನ ಸೀಟಿನಲ್ಲಿ ವೀಳ್ಯದೆಲೆಯ ಬುಟ್ಟಿ ಇಟ್ಟುಕೊಂಡಿದ್ದ ನೂರಸಾಬ ಗಡ್ಡ ನೀವಿಕೊಂಡ. "ಸುಭಾನಲ್ಲಾ," ಎಂದ ಮೆಲ್ಲಗೆ. "ಬಡಿದಾಟ ಬರೂಕಿಂತ ಮೊದಲ ಸಬೂರಿ ಕಲ್ತು ಬಂದಾವ. ನನಗ ಗಡ್ಡ ಬೆಳ್ಳಗಾದ್ರೂ ಬರಲಿಲ್ಲ."

ಬಸ್ಸಿನ ಮನಸ್ಸು ತಿರುಗಿದ್ದು ಆಗ. ಅದೇ ಗಾಳೇಶನ ಕಷ್ಟಕ್ಕೆ ಬುನಾದಿಯಾಯಿತು. ಗೌಸಬೀ ಡಬ್ಬಿಗೆ ದೃಷ್ಟಿ ತೆಗೆದು ನೆಟಿಗೆ ಮುರಿದಳು. ಬಿಸಿಲು ಬೀಳುತ್ತದೆಂದು ಡಬ್ಬಿಯನ್ನು ನೆರಳಿನ ಕಡೆಯ ಸೀಟಿನಲ್ಲಿ ಕೂಡಿಸಿದರು, ಗಾಳೇಶನನ್ನು ನಿಲ್ಲಿಸಿದರು. "ಸಾವಕಾಶ ಹೊಡಿಯಪಾ, ಬಾಣಂತನದ ಬಸ್ಸು ಐತಿ" ಎಂದು ಡ್ರೈವರನಿಗೆ ಅಪ್ಪಣೆಯಾಯಿತು. ಹಾರ್ನ್ ಬಂದಾಯಿತು. ಕುರಿಹಿಂಡು ಅಡ್ಡ ಬಂದಾಗ ಅಲ್ತಾಫ ಇಳಿದು, ಒಂದೊಂದು ಕುರಿಗೂ ಕೈಮುಗಿಯುವವನ ಹಾಗೆ ದಾರಿ ಬಿಡಿಸಿದ.

"ಸಂಜಿ ಆದ್ರ ಪ್ರಯೋಗಶಾಲಿ ಬಾಗಲಾ ಹಾಕ್ತಾರ್ರೀ," ಗಾಳೇಶ ಅಂಗಲಾಚಿದ.

"ಸುಮ್ಕಿರು. ಹಡೆದಾಕಿ ನೀನೋ ನಾನೋ?" ಎಂದಳು ಗೌಸಬೀ.

ಕನಕಗಿರಿಯಲ್ಲಿ ಬಸ್ಸು ನಿಂತಿತು. ಗಾಳೇಶ ಕಿಟಕಿಯಾಚೆ ತಲೆ ಹಾಕಿ ಹೊಟ್ಟೆ ಹಗುರ ಮಾಡಿಕೊಂಡು ತಿರುಗುವಷ್ಟರಲ್ಲಿ ಅಲ್ತಾಫ ಸೋಡಾ ಅಂಗಡಿಯಿಂದ ದೊಡ್ಡ ಐಸಿನ ತುಂಡು ತಂದು ಡಬ್ಬಿಯ ಮೇಲಿಡುತ್ತಿದ್ದ. "ನಿಮ್ಮ ಸಿಪಾಯಿಗೋಳಿಗೆ ನನ್ನ ಕಡಿಂದ" ಎಂದು ಅವನ ಮುಖವೆಲ್ಲ ನಗೆ.

ಗಾಳೇಶ ಹಾರಿ ಡಬ್ಬಿ ತಬ್ಬಿಕೊಂಡ. ಐಸು ಜಾರಿ ಅವನ ಅಂಗಿಯೊಳಗೆ ಇಳಿಯಿತು, ಅಲ್ಲಿಂದ ಪ್ಯಾಂಟಿಗೆ. "ತಣ್ಣಗಾದ್ರೂ ಸಾಯ್ತಾವ, ಬಿಸಿ ಆದ್ರೂ ಸಾಯ್ತಾವ. ಮನಿಯೊಳಗಿನ ನೆರಳಿನಷ್ಟ ತಂಪು ಸಾಕು" ಎಂದು ಹಲ್ಲು ಕಟಕಟ ಕಡಿಯುತ್ತ ಹೇಳಿದ.

"ಹಂಗಂದ್ರ ನನ್ನ ಎಲಿ ಇದ್ದಂಗ ಆತು" ಎಂದ ನೂರಸಾಬ. ಬುಟ್ಟಿಗೆ ಸುತ್ತಿದ್ದ ಹಸಿ ಗೋಣಿತಟ್ಟು ಬಿಚ್ಚಿ ಡಬ್ಬಿಗೆ ಹೊದಿಸಿದ. ಅವನ ಎಲೆಗಳು ಗಂಗಾವತಿ ಮುಟ್ಟುವಷ್ಟರಲ್ಲಿ ಬಾಡಿ ಹೋದವು. ಅವನು ಮಾತ್ರ ದಾರಿಯುದ್ದಕ್ಕೂ ತಟ್ಟಿನ ಮೇಲೆ ನೀರು ಚಿಮುಕಿಸುತ್ತ, ತುಟಿಯಲ್ಲೇ ಏನೋ ಓದಿಕೊಳ್ಳುತ್ತ ಬಂದ.

ಬಾಗಿಲು ಹಾಕುವ ಹೊತ್ತಿಗೆ ಗಾಳೇಶ ಪ್ರಯೋಗಶಾಲೆಗೆ ಓಡಿ ಬಂದ. ಡಾಕ್ಟರ್ ಲಲಿತಾ ಅವನ ಒದ್ದೆ ಪ್ಯಾಂಟು ನೋಡಿ, ಡಬ್ಬಿ ಇಸಿದುಕೊಂಡು ಒಳಗೆ ಹೋದರು. ರಕ್ತದಿಂದ ಬಿಳಿಕಣ ಬೇರೆ ಮಾಡುವುದು ನಿಧಾನದ ಕೆಲಸ. ಅಷ್ಟು ಹೊತ್ತೂ ಅವನು ಬಾಗಿಲ ಬಳಿ ಗಾಳೆಮ್ಮನನ್ನು ನೆನೆಯುತ್ತ ನಿಂತ. ಕೊನೆಗೆ ಡಾಕ್ಟರು ಕೈಸನ್ನೆ ಮಾಡಿದರು.

"ನೋಡು. ಬಣ್ಣ ಹಾಕೀನಿ. ಸತ್ತವು ನೀಲಿ ಆಗ್ತಾವ."

ಗಾಳೇಶ ಸೂಕ್ಷ್ಮದರ್ಶಕದೊಳಗೆ ಇಣುಕಿದ. ನೀಲಿ ಹುಡುಕಿದರೂ ಅಲ್ಲೊಂದು ಇಲ್ಲೊಂದು. ಉಳಿದದ್ದೆಲ್ಲ ಬೆಳ್ಳಗೆ, ದುಂಡಗೆ, ಆಗಷ್ಟೇ ಮಿಂದು ಬಂದ ಹಾಗೆ ಹೊಳೆಯುತ್ತಿತ್ತು. ಅವನ ಕೈ ತಾನಾಗಿಯೇ ಮುಗಿಯಿತು.

"ಇಷ್ಟು ಛಲೋ ಎಂದೂ ಬಂದಿಲ್ಲ," ಎಂದರು ಡಾಕ್ಟರು. "ಹೆಂಗ ತಂದಿ?"

"ನಾ ತಂದಿಲ್ರಿ. ಬಸ್ಸಿನ್ಯಾಗಿನ ಮಂದಿ ತಂದಾರ." ಅವನು ನಡೆದದ್ದೆಲ್ಲ ಹೇಳಿದ. ಆಮೇಲೆ ತಡವರಿಸುತ್ತ, "ಮತ್ತ ಮೇಡಂ, ನಾಳಿಂದ ಜೀಪು..." ಎಂದ.

"ಜೀಪಿನ ಸುದ್ದಿ ತಗೀಬ್ಯಾಡ. ಹೆಂಗ ಬರ್ತೈತಿ ನೋಡೂಣು ಅಂತ ಇವತ್ತ ಯಲಬುರ್ಗಾ ಕಡಿಂದ ಜೀಪಿನ್ಯಾಗ ಒಂದು ಡಬ್ಬಿ ತರಿಸಿದ್ದೆ. ಡ್ರೈವರ ಜೀಪು ಬಿಸಿಲಾಗ ನಿಂದರಿಸಿ ಉಣ್ಣಾಕ ಹೋಗ್ಯಾನ. ಎಲ್ಲಾ ನೀಲಿ." ಡಾಕ್ಟರು ಫೋನು ಕಿವಿಗೆ ಹಚ್ಚಿಕೊಂಡರು. "ಹಲೋ, ತಾವರಗೇರಾ? ಗಾಳೇಶನ್ನ ವಾರ್ಡಿಗೆ ಹಾಕಬ್ಯಾಡ್ರಿ. ಇನ್ಮ್ಯಾಲ ಎಲ್ಲಾ ಊರಿನ ರಕ್ತನೂ ನಿಮ್ಮಲ್ಲಿಗೇ ಕಳಸಾಕ ಹೇಳ್ತೀನಿ. ದಿನಾ ಇದೇ ಬಸ್ಸಿಗೆ, ಇವನ ಕೈಲೇ ಬರಲಿ."

ಗಾಳೇಶ ಇನ್ನೊಮ್ಮೆ ಇಣುಕಿ ನೋಡಿದ. ಬೆಳ್ಳನೆಯ ಎಳೇ ಸಿಪಾಯಿಗಳು ನೆಮ್ಮದಿಯಿಂದ ಇದ್ದವು. ಬದುಕಿದ್ದಕ್ಕೆ ಅವುಗಳನ್ನು ಬಯ್ಯುವುದಾದರೂ ಹೇಗೆ?