ಬ್ಯಾಡ ಅನ್ನದ ಡಗ್ಗಪ್ಪ

ನನಗೆ ಯಾವುದಕ್ಕೂ ಒಂದೇ ಸಲಕ್ಕೆ ‘ಹೂಂ’ ಅನ್ನಲು ಬರುವುದಿಲ್ಲ. ಇದು ಜಂಬವಲ್ಲ, ಧಾರವಾಡದಲ್ಲಿ ಬೆಳೆದದ್ದರ ಫಲ. ನಮ್ಮ ಕಡೆ ಯಾರದಾದರೂ ಮನೆಗೆ ಹೋದಾಗ ‘ಚಹಾ ಮಾಡ್ಲೇನ್ರಿ?’ ಎಂದು ಕೇಳಿದರೆ ‘ಏ, ಈಗ ಕುಡದ ಬಂದೀನ್ರಿ’ ಅನ್ನಬೇಕು, ಬೆಳಗಿನಿಂದ ಒಂದು ಗುಟುಕು ಕುಡಿದಿರದಿದ್ದರೂ. ಪಂಕ್ತಿಯಲ್ಲಿ ಹೋಳಿಗೆ ಬಂತೆಂದರೆ ‘ಸಾಕ್ರೀ, ಬ್ಯಾಡ್ರೀ’ ಎಂದು ಎಲೆಯ ಮೇಲೆ ಅಂಗೈ ಅಡ್ಡ ಹಿಡಿಯಬೇಕು. ಹಿಡಿಯುವಾಗ ಪಕ್ಕದಲ್ಲಿ ಒಂದು ಹೋಳಿಗೆ ಜಾರುವಷ್ಟು ಜಾಗವನ್ನೂ ಬಿಟ್ಟಿರಬೇಕು. ಬಡಿಸುವವರು ‘ಇರ್ಲಿ ತಗೋರಿ, ಏನಾಗೂದಿಲ್ಲ’ ಎಂದು ಅದೇ ಜಾಗದಲ್ಲಿ ಜಾರಿಸುತ್ತಾರೆ. ನಾವು ‘ಅಯ್ಯ, ಎಷ್ಟ ಹಾಕಿದ್ರಿ’ ಎಂದು ನೊಂದವರ ಹಾಗೆ ಮುಖ ಮಾಡಿ ಪೂರಾ ತಿನ್ನುತ್ತೇವೆ. ಲಂಡನ್ನಿಗೆ ಬಂದ ಹೊಸತರಲ್ಲಿ ಈ ಸಂಸ್ಕಾರದಿಂದ ನಾನು ಕಳೆದುಕೊಂಡ ಕೇಕು ಬಿಸ್ಕತ್ತುಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆಫೀಸಿನಲ್ಲಿ ಯಾರದಾದರೂ ಹುಟ್ಟುಹಬ್ಬಕ್ಕೆ ಕೇಕು ಹಿಡಿದು ಬರುತ್ತಿದ್ದರು. ನಾನು ‘ನೋ ನೋ, ಥ್ಯಾಂಕ್ಸ್’ ಎನ್ನುತ್ತಿದ್ದೆ. ಅವರು ಅದನ್ನು ನಿಜವೆಂದು ನಂಬಿ ಮುಂದಿನ ಮೇಜಿಗೆ ಹೋಗಿಬಿಡುತ್ತಿದ್ದರು. ಎಂಥ ಮುಗ್ಧ ಜನ!

ಇಂಥ ನನ್ನ ಮನೆಗೆ ಬಾಡಿಗೆಗೆ ಬಂದವನು ಡಗ್, ಕೆನಡಾದವನು. ತೊಂಬತ್ತರ ದಶಕದ ನಡುವಿನ ಮಾತು. ಲಂಡನ್ನಿನ ಅಂಚಿನ ಕೆಂಟನ್ನಿನಲ್ಲಿದ್ದ ನಮ್ಮ ಮನೆಯಲ್ಲಿ ಮೇಲಿನ ಕೋಣೆ ಖಾಲಿ ಇತ್ತು. ಅದನ್ನು ನೋಡಲು ಅವನು ಬಂದಾಗ ನನ್ನ ಹೆಂಡತಿ ಸುಮಂಗಲಾ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದಳು. ಮನೆಗೆ ಬಂದವರನ್ನು ಕೇಳದೆ ಇರಬಾರದೆಂದು, ಬರೀ ಮಾತಿಗೆ, ‘ತಿಂತೀಯೇನಪಾ?’ ಅನ್ನುವುದನ್ನೇ ಇಂಗ್ಲಿಷಿನಲ್ಲಿ ಕೇಳಿದಳು. ಅವನು ‘ಯೆಸ್! ಜೊತೆಗೆ ಆ ಹಸಿರು ಚಟ್ನಿಯೂ ಇರಲಿ’ ಎಂದವನೇ ಕುರ್ಚಿ ಎಳೆದು ಕೂತುಬಿಟ್ಟ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಬಾಯಲ್ಲಿ ಮಾತ್ರ ‘ಯೆಸ್’. ಸುಮಂಗಲಾ ನನ್ನ ಕಡೆ ತಿರುಗಿ, ‘ಮನಶ್ಯಾ ಅಂದ್ರ ಹಿಂಗಿರಬೇಕ್ ನೋಡ್ರಿ’ ಎಂದಳು. ಕೋಣೆಯನ್ನು ಅವನು ಇನ್ನೂ ನೋಡಿಯೇ ಇರಲಿಲ್ಲ, ಅವಳು ಕೊಟ್ಟಾಗಿತ್ತು. ಅಂದಿನಿಂದ ಅವನು ನಮಗೆ ಡಗ್ಗಪ್ಪನಾದ.

ಡಗ್ಗಪ್ಪ ಹಾಸ್ಯನಟ. ಅವನ ಊರಿನಲ್ಲಿ ಕಣ್ಣು ಹಾಯುವ ತನಕ ಗೋಧಿಯ ಹೊಲ, ಚಳಿಗಾಲದಲ್ಲಿ ಕಿಟಕಿಯವರೆಗೆ ಹಿಮ. ನಗಿಸದಿದ್ದರೆ ಜನ ಮರಗಟ್ಟಿ ಸತ್ತೇ ಹೋಗುತ್ತಿದ್ದರು, ಅದಕ್ಕೇ ಈ ಕಸುಬು ಹಿಡಿದೆ ಎನ್ನುತ್ತಿದ್ದ. ಟೊರಾಂಟೊದ ಯಾವುದೋ ನೆಲಮಾಳಿಗೆಯಲ್ಲಿ ಆಟ ಕಲಿತು, ಒಬ್ಬ ಹುಡುಗಿಯ ಬೆನ್ನು ಹತ್ತಿ ಲಂಡನ್ನಿಗೆ ಬಂದ. ಹುಡುಗಿ ಬಿಟ್ಟುಹೋದಳು, ಲಂಡನ್ ಬಿಡಲಿಲ್ಲ. ಇಲ್ಲಿ ಅವನಿಗೆ ಸಿಕ್ಕ ಪಾತ್ರಗಳನ್ನು ಹೇಳಿದರೆ ನೀವು ನಗುತ್ತೀರಿ. ಬಿಸ್ಕತ್ತಿನ ಜಾಹೀರಾತಿನಲ್ಲಿ ಅವನ ಬಲಗೈ ಮಾತ್ರ ಬಂತು. ಆಸ್ಪತ್ರೆಯ ಧಾರಾವಾಹಿಯೊಂದರಲ್ಲಿ ಮುಖಕ್ಕೆಲ್ಲ ಬ್ಯಾಂಡೇಜು ಸುತ್ತಿಕೊಂಡ ರೋಗಿಯಾದ. ಕ್ರಿಸ್‌ಮಸ್ ಹೊತ್ತಿನ ಮಕ್ಕಳ ನಾಟಕದಲ್ಲಿ, ಇಬ್ಬರು ಸೇರಿ ತೊಡುವ ಹಸುವಿನ ವೇಷದೊಳಗೆ ಹಿಂಗಾಲಾದ. ನಾನು ಅಯ್ಯೋ ಪಾಪ ಎಂದೆ. ಸುಮಂಗಲಾ, ‘ಆಕಳಾ ಅಂದ್ಮ್ಯಾಲೆ ಮುಂದೇನು ಹಿಂದೇನು, ಪುಣ್ಯದ ಕೆಲಸ’ ಎಂದು ಅವತ್ತು ಪಾಯಸ ಮಾಡಿದಳು. ಅವನು ಪಾಯಸಕ್ಕೂ ಯೆಸ್ ಅಂದ.

ಅವನ ನಿಜವಾದ ಜೀವ ಇದ್ದದ್ದು ಶನಿವಾರದ ಆಟದಲ್ಲಿ. ಕಿಲ್ಬರ್ನ್ ಕಡೆಯ ಒಂದು ಪಬ್ಬಿನ ಮಾಳಿಗೆಯಲ್ಲಿ ಅವನೂ ಅವನ ಗೆಳೆಯರೂ ಸೇರಿ, ಒಂದಕ್ಷರ ಬರೆದುಕೊಳ್ಳದೆ, ನಿಂತ ಕಾಲ ಮೇಲೆ ನಾಟಕ ಹುಟ್ಟಿಸುತ್ತಿದ್ದರು. ನೋಡಲು ಬಂದವರೇ ಒಂದು ಸ್ಥಳದ ಹೆಸರು ಕೂಗಬೇಕು, ಆಟ ಅಲ್ಲಿಂದ ಶುರು. ನಮ್ಮ ಕಂಪನಿ ನಾಟಕದ ಹಾಸ್ಯದವರು ಬಾಯಿಗೆ ಬಂದದ್ದನ್ನು ಸೇರಿಸಿ ಹೇಳುತ್ತಿದ್ದರಲ್ಲ, ಹಾಗೆ. ಆದರೆ ಇಲ್ಲಿ ಸೇರಿಸಿದ್ದೇ ಪೂರ್ತಿ ನಾಟಕ. ಇದಕ್ಕೆ ಒಂದೇ ನಿಯಮ ಎಂದು ಅವನು ನನಗೆ ಅಡುಗೆಮನೆಯಲ್ಲಿ ಕೂತು ಬಿಡಿಸಿ ಹೇಳಿದ್ದ. ಎದುರಿಗಿದ್ದವನು ಏನೇ ಹೇಳಲಿ, ಇಲ್ಲ ಬೇಡ ಅನ್ನಬಾರದು. ಹೌದು ಅನ್ನಬೇಕು, ಅದಕ್ಕೆ ತನ್ನದೊಂದು ಮಾತು ಸೇರಿಸಬೇಕು. ‘ಬೇಡ ಅಂದ ತಕ್ಷಣ ಆಟ ಸತ್ತುಹೋಗುತ್ತದೆ, ರಾವ್’ ಎನ್ನುತ್ತಿದ್ದ. ನಾನು ತಲೆದೂಗುತ್ತಿದ್ದೆ.

ಈಗ ನನ್ನ ಗುಟ್ಟನ್ನು ನಿಮಗೆ ಹೇಳಬೇಕು. ನನಗೆ ರಂಗದ ಮೇಲೆ ನಿಲ್ಲುವ ಹುಚ್ಚು ಬಹಳ. ಕರ್ನಾಟಕ ಕಾಲೇಜಿನ ದಿನಗಳಲ್ಲಿ ವಾರ್ಷಿಕೋತ್ಸವದ ಗ್ಯಾದರಿಂಗ್ ನಾಟಕಕ್ಕೆ ಮೇಷ್ಟರು ‘ಪಾರ್ಟ್ ಮಾಡ್ತೀಯೇನೋ?’ ಎಂದು ಕೇಳಿದ್ದರು. ‘ಬ್ಯಾಡ್ರಿ ಸರ್’ ಎಂದಿದ್ದೆ, ಇನ್ನೊಮ್ಮೆ ಕೇಳಲಿ ಎಂದು. ಪರದೆ ಎಳೆಯುವ ಕೆಲಸ ಕೊಟ್ಟರು. ಆಮೇಲೆ ಲಂಡನ್ನಿನ ಕೌನ್ಸಿಲ್ ಆಫೀಸಿನ ಮೇಜು ಬಂತು, ಆದರೆ ಹುಚ್ಚು ಹೋಗಲಿಲ್ಲ. ಸಂಜೆ ಬೇಕರ್ಲೂ ಲೈನಿನ ರೈಲಿನಲ್ಲಿ ಮನೆಗೆ ಬರುವಾಗ ಕಿಟಕಿಯ ಗಾಜಿನಲ್ಲಿ ನನ್ನ ಮುಖದ ಹಿಂದೆ ಊರೂರೇ ಸರಿದುಹೋಗುತ್ತಿದ್ದವು, ಇಟ್ಟಿಗೆ ಮನೆಗಳ ಹಿತ್ತಿಲುಗಳು, ಒಣಗಲು ಹಾಕಿದ ಬಟ್ಟೆಗಳು. ನಾನು ಅರೆಗಣ್ಣು ಮುಚ್ಚಿ ಆ ಮಾಳಿಗೆಯ ದೀಪದ ಕೆಳಗೆ ನಿಲ್ಲುತ್ತಿದ್ದೆ. ಏನೋ ಹೇಳುತ್ತಿದ್ದೆ, ಜನ ಬಿದ್ದು ಬಿದ್ದು ನಗುತ್ತಿದ್ದರು. ಕೆಂಟನ್ ದಾಟಿ, ಕೊನೆಯ ನಿಲ್ದಾಣದಲ್ಲಿ ಯಾರಾದರೂ ‘ಆಲ್ ಚೇಂಜ್, ಎಲ್ಲರೂ ಇಳೀರಿ’ ಎಂದು ಕೂಗಿದಾಗಲೇ ಎಚ್ಚರ.

ಒಂದು ಶನಿವಾರ ಬೆಳಗ್ಗೆ ಡಗ್ಗಪ್ಪ ಮೆಟ್ಟಿಲು ಹಾರುತ್ತ ಕೆಳಗೆ ಬಂದ. ಜೊತೆಯವನ ಗಂಟಲು ಕಟ್ಟಿದೆ, ಟೀವಿಯವರೊಬ್ಬರು ಅಂದೇ ಆಟ ನೋಡಲು ಬರುವವರಿದ್ದಾರೆ, ಹೊಸ ಮುಖವೊಂದು ಬೇಕು. ‘ರಾವ್, ನನ್ನ ಜೊತೆ ನಿಲ್ಲುತ್ತೀರಾ?’ ಎಂದ. ಇಷ್ಟು ವರ್ಷ ಕಾದದ್ದು ಚಪ್ಪಲಿ ಬಿಟ್ಟು ಮನೆಯೊಳಗೇ ಬಂದಿತ್ತು. ಬಾಯಿ ಮಾತ್ರ ತನ್ನಷ್ಟಕ್ಕೆ, ‘ಛೇ ಛೇ, ಬೇಡಪ್ಪಾ, ನನಗೇನು ಬರುತ್ತೆ’ ಎಂದುಬಿಟ್ಟಿತು. ನಾನು ಅವನ ಮುಂದಿನ ಮಾತಿಗೆ ಕಾದೆ. ‘ಇರ್ಲಿ ಬರ್ರೀ’ ಅನ್ನಬೇಕು ತಾನೆ? ಕೆನಡಾದವರಿಗೆ ಇನ್ನೊಬ್ಬರನ್ನು ಒತ್ತಾಯ ಮಾಡುವುದೆಂದರೆ ಪಾಪ. ‘ಓ, ಸಾರಿ, ಸಾರಿ, ನಿಮಗೆ ಕಷ್ಟ ಕೊಡಬಾರದಿತ್ತು’ ಎಂದವನೇ ಒಲೆಯ ಕಡೆ ತಿರುಗಿ, ‘ಮಿಸೆಸ್ ರಾವ್, ನೀವು?’ ಎಂದ. ಅವಳು ಸೌಟು ಕೆಳಗಿಡುತ್ತ, ‘ಹೂಂ, ಅದಕೇನಾತು? ಯಾವ ಸೀರಿ ಉಟಗೊಳ್ಳಲಿ?’ ಎಂದಳು. ನಾನು ಮಗಳು ಅಂಜಲಿಯ ಮುಖ ನೋಡಿದೆ. ಅವಳು ಟೋಸ್ಟು ಕಡಿಯುತ್ತ, ‘ಬಟ್ ಡ್ಯಾಡ್, ಯೂ ಸೆಡ್ ನೋ’ ಎಂದಳು. ಈ ದೇಶದಲ್ಲಿ ಹುಟ್ಟಿದ ಮಕ್ಕಳಿಗೆ ಏನು ಹೇಳುವುದು!

ಅಂದು ನಾನು ಮೊದಲ ಸಾಲಿನಲ್ಲಿ ಹುಳಿ ಮುಖ ಹಾಕಿಕೊಂಡು ಕೂತಿದ್ದೆ. ಯಾರೋ ‘ಊಟದ ಮನೆ’ ಎಂದು ಕೂಗಿದರು. ಡಗ್ಗಪ್ಪ ತಲೆಗೆ ಸೆರಗಿನಂತೆ ಟವೆಲ್ಲು ಹೊದ್ದು ಬಡಿಸುವ ಗೃಹಿಣಿಯಾದ. ಸುಮಂಗಲಾ ಎದುರಿಗೆ ಕಾಲು ಮಡಚಿ ಕೂತಳು. ಹೆಗಲು ಸ್ವಲ್ಪ ಬಾಗಿಸಿ, ಹುಬ್ಬು ಮೇಲಕ್ಕೇರಿಸಿ, ಇಲ್ಲದ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದು ‘ನೋ ನೋ ನೋ’ ಎನ್ನುತ್ತ, ಕಣ್ಣುಗಳಿಂದ ಮಾತ್ರ ಪಾತ್ರೆಯನ್ನು ಎಳೆದುಕೊಳ್ಳತೊಡಗಿದಳು. ಮಾಳಿಗೆ ಕುಣಿಯಿತು. ಪಕ್ಕದ ಇಂಗ್ಲಿಷ್ ಅಜ್ಜ ನನ್ನ ತೊಡೆ ತಟ್ಟಿ ತಟ್ಟಿ ನಕ್ಕ. ಅಲ್ಲಿ ಕೂತಿದ್ದದ್ದು ಸಾಕ್ಷಾತ್ ನಾನೇ. ಕೊನೆಗೂ ನಾನು ರಂಗ ಏರಿದ್ದೆ, ಕೂತದ್ದು ಮಾತ್ರ ಮೊದಲ ಸಾಲಿನಲ್ಲೇ.

ಅವತ್ತಿನ ಆಟದಿಂದ ಡಗ್ಗಪ್ಪನ ದೆಸೆ ತಿರುಗಿತು. ಟೀವಿಯಲ್ಲಿ ಅವನ ಕೈಯ ಜೊತೆ ಮುಖವೂ ಬರತೊಡಗಿತು. ಹೊಸ ಶತಮಾನ ಬಂದು ಒಂದೆರಡು ವರ್ಷಕ್ಕೆ ಟೊರಾಂಟೊದಿಂದಲೇ ಕರೆ ಬಂತು, ಒಂದು ಧಾರಾವಾಹಿ, ಅದರಲ್ಲಿ ಇವನೇ ಮುಖ್ಯ. ಹೋಗಲೇಬೇಕಾದ ಅವಕಾಶ. ನಾವು ಮೂವರೂ ಸಂತೋಷಪಟ್ಟೆವು. ಸುಮಂಗಲಾ ಚಟ್ನಿಪುಡಿ ಕುಟ್ಟಿ ಡಬ್ಬಿಗೆ ತುಂಬಿ, ತುಂಬಿದ್ದು ಸಾಲದೆಂದು ಮತ್ತೆ ಕುಟ್ಟುತ್ತಿದ್ದಳು. ನಾನು ರೈಲಿನಲ್ಲಿ ಕನಸು ಕಾಣುವುದನ್ನು ಬಿಟ್ಟು ಪೇಪರು ಓದತೊಡಗಿದೆ. ಸಂಜೆ ಮೇಲಿನ ಕೋಣೆಯಿಂದ ಪೆಟ್ಟಿಗೆ ಎಳೆಯುವ ಸದ್ದು ಕೇಳುತ್ತಿತ್ತು. ಅದನ್ನು ಕೇಳಲಾರದೆ ನಾನು ಹಿತ್ತಿಲಿಗೆ ಹೋಗಿ, ನಿನ್ನೆಯಷ್ಟೇ ಕತ್ತರಿಸಿದ ಹುಲ್ಲನ್ನು ಮತ್ತೆ ಕತ್ತರಿಸುತ್ತಿದ್ದೆ.

ಅವನ ಕೊನೆಯ ಆಟ ಜೂನ್ ತಿಂಗಳ ಒಂದು ಶನಿವಾರ. ನಡುವೆ ಅವನು ರಂಗದ ಅಂಚಿಗೆ ಬಂದು ನನ್ನ ಕಡೆ ಕೈಚಾಚಿದ. ‘ರಾವ್, ಬರುತ್ತೀರಾ?’ ಎಂದು ಕೇಳಿ ಮುಗಿಸುವ ಮೊದಲೇ ನಾನು ಮೇಲೆ ಹತ್ತಿದ್ದೆ. ದೀಪದ ಬೆಳಕು ಕನಸಿನಲ್ಲಿ ಕಂಡಷ್ಟೇ ಬೆಚ್ಚಗಿತ್ತು, ಜನರ ಮುಖ ಕಾಣಲಿಲ್ಲ, ಬರೀ ಉಸಿರು ಕೇಳುತ್ತಿತ್ತು. ಹಿಂದಿನಿಂದ ಒಬ್ಬಳು ‘ಏರ್‌ಪೋರ್ಟ್!’ ಎಂದು ಕೂಗಿದಳು. ಡಗ್ಗಪ್ಪ ಎರಡು ಪೆಟ್ಟಿಗೆ ಹೊತ್ತವನ ಹಾಗೆ ನಟಿಸಿ, ಆ ಇಲ್ಲದ ಪೆಟ್ಟಿಗೆಗಳನ್ನು ನೆಲಕ್ಕಿಟ್ಟು, ನನ್ನನ್ನೇ ನೋಡುತ್ತ, ‘ಸರಿ ಹಾಗಾದರೆ, ನಾನು ಹೊರಡಲಾ?’ ಎಂದ.

ನನ್ನ ಹೊಟ್ಟೆಯ ಆಳದಿಂದ ಒಂದು ‘ಬ್ಯಾಡ’ ಎದ್ದು ಬಂತು. ಹುಟ್ಟಿದಾರಭ್ಯ ಅಂದ ಬೇಡಗಳೆಲ್ಲ ಬರೀ ಮಾತಿನವು. ಇದೊಂದು ಮಾತ್ರ ಅಪ್ಪಟ ನಿಜದ್ದು, ಇದನ್ನೇ ಅನ್ನುವ ಹಾಗಿಲ್ಲ! ಅಂದರೆ ಆಟ ಸತ್ತುಹೋಗುತ್ತದೆ. ‘ಯೆಸ್’ ಎಂದೆ. ನನ್ನದೊಂದು ಮಾತು ಸೇರಿಸಬೇಕಿತ್ತು. ಬಗ್ಗಿ, ಅವನ ಪೆಟ್ಟಿಗೆಗಳಲ್ಲಿ ಒಂದನ್ನು ಎತ್ತಿಕೊಂಡೆ. ‘ಯೆಸ್, ಮತ್ತೆ ನಾನೂ ಬರ್ತೀನಿ.’

ಜನ ಹೋ ಎಂದು ನಕ್ಕರು, ಚಪ್ಪಾಳೆ ಹೊಡೆದರು. ಡಗ್ಗಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅದನ್ನೂ ನಟನೆಯೆಂದುಕೊಂಡು ಇನ್ನಷ್ಟು ನಕ್ಕರು. ಆಮೇಲೆ ಮೆಟ್ಟಿಲಿಳಿಯುವಾಗ ಇಬ್ಬರು ಅಪರಿಚಿತರು ಎಂಥ ಅಭಿನಯ ಎಂದು ನನ್ನ ಬೆನ್ನು ತಟ್ಟಿದರು. ನಾನು ‘ಛೇ, ಅದರಲ್ಲೇನಿದೆ’ ಎಂದೆ, ಅಭ್ಯಾಸಬಲದಿಂದ.

ಮನೆಗೆ ಬರುವಾಗ, ಲಂಡನ್ನಿನ ಜೂನ್ ಆದ್ದರಿಂದ, ರಾತ್ರಿ ಒಂಬತ್ತಾದರೂ ರೈಲಿನಲ್ಲಿ ಇನ್ನೂ ಹೊಂಬಿಸಿಲಿತ್ತು. ಡಗ್ಗಪ್ಪ ಗೆಳೆಯರ ಜೊತೆ ಉಳಿದಿದ್ದ, ಅಂಜಲಿ ಕಿವಿಗೆ ಹಾಡು ಚುಚ್ಚಿಕೊಂಡು ಕೂತಿದ್ದಳು. ಸುಮಂಗಲಾ ಬಹಳ ಹೊತ್ತು ನನ್ನ ಕೈಯನ್ನೇ ನೋಡುತ್ತಿದ್ದಳು. ಕೊನೆಗೆ, ‘ಏನ್ರೀ, ಆ ಪೆಟಗಿ ಇನ್ನೂ ಹಿಡಕೊಂಡೇ ಕೂತೀರಲ್ಲ’ ಎಂದಳು. ನೋಡಿಕೊಂಡೆ. ಇಲ್ಲದ ಹಿಡಿಕೆಯ ಸುತ್ತ ಮುಷ್ಟಿ ಬಿಗಿದೇ ಇತ್ತು, ಬೆರಳು ಬೆಳ್ಳಗಾಗಿದ್ದವು. ನಾಚಿಕೆಯಾಯಿತು. ಮೆಲ್ಲಗೆ ಕಾಲ ಬಳಿ ಕೆಳಗಿಟ್ಟೆ. ಕೆಂಟನ್ ಬಂದಾಗ ಹಿಂದೆ ಮುಂದೆ ನೋಡಿ, ಯಾರೂ ಗಮನಿಸುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಅದನ್ನು ಮತ್ತೆ ಎತ್ತಿಕೊಂಡು ಇಳಿದೆ.