ಐದನೆಯ ವಾಕ್ಯವನ್ನು ತಪ್ಪೆಂದು ಸಾರಬೇಕಾಗಿ ಕೋರಿಕೆ

ಓದಬಲ್ಲ ಮಹನೀಯರೇ, ಓದದೆಯೂ ತಲೆದೂಗಬಲ್ಲ ಮಹಾನುಭಾವರೇ, ‘ಸ್ವಂತ ವಾಕ್ಯದಲ್ಲಿ ಬಳಸಿರಿ’ ಎಂಬ ಪ್ರಶ್ನೆಯ ಮುಂದೆ ಒಮ್ಮೆಯಾದರೂ ಪೆನ್ನಿನ ತುದಿ ಕಚ್ಚಿ ಕೂತ ಸಮಸ್ತ ನೊಂದವರೇ, ದಯಮಾಡಿ ಕೆಮ್ಮು ನಿಲ್ಲಿಸಿ ಈ ಪತ್ರಕ್ಕೆ ಸಾಕ್ಷಿಗಳಾಗಿರಿ. ಪತ್ರ ನಿಮಗಲ್ಲ. ನಮ್ಮ ಗಾಜಿನ ಸೀಸೆ ಕಾರ್ಖಾನೆಯ ರವಾನೆ ವಿಭಾಗದಲ್ಲಿ, ತೂಕದ ಯಂತ್ರದ ಪಕ್ಕದ ಮೇಜನ್ನು ಅಲಂಕರಿಸಿರುವ ಇಂಗ್ಲಿಷ್ ಕಲಿಸುವ ಗಣಕಯಂತ್ರಕ್ಕೆ.

ಮಾನ್ಯರೇ,

ತಮ್ಮ ಪರದೆಗೆ ಧೂಳು ಕೂರದಿರಲಿ, ತಮ್ಮ ವಯರಿಗೆ ಇಲಿ ಬಾಯಿ ಹಾಕದಿರಲಿ ಎಂದು ಹಾರೈಸುತ್ತಾ, ಈ ಕೆಳಗೆ ಸಹಿ ಮಾಡಿದ ರವಾನೆ ಗುಮಾಸ್ತನು ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ, ಇಂದು ಮಧ್ಯಾಹ್ನ ನಾನು ಬರೆದ ಐದನೆಯ ವಾಕ್ಯಕ್ಕೆ ತಾವು ಪೂರ್ಣ ಅಂಕ ದಯಪಾಲಿಸಿದ್ದೀರಿ. ಸಂಜೆ ಐದಕ್ಕೆ ಫಲಿತಾಂಶ ಮ್ಯಾನೇಜರರ ಕೈ ಸೇರುವುದರೊಳಗೆ ಅದನ್ನು ತಪ್ಪೆಂದು ಸಾರಿ ನನ್ನನ್ನು ನಪಾಸು ಮಾಡಬೇಕು. ಇಲ್ಲವಾದರೆ ನನಗೆ ಮೇಲ್ವಿಚಾರಕನ ಹುದ್ದೆ ದಕ್ಕಿ, ಹದಿನೆಂಟು ವರ್ಷಗಳಿಂದ ಜೊತೆಗಿರುವ ಗೆಳೆಯನೊಬ್ಬ ಕೈತಪ್ಪುತ್ತಾನೆ. ಅಂಕ ಬಂದಿದೆ ಸ್ವಾಮಿ, ಜೊತೆಗೆ ಆತಂಕವೂ ಬಂದಿದೆ.

ಹೊರದೇಶದ ಗಿರಾಕಿಗಳ ಜೊತೆ ಮಾತಾಡಬಲ್ಲ ಮೇಲ್ವಿಚಾರಕ ಬೇಕೆಂದು, ತಮ್ಮ ಮೊದಲ ಹದಿನಾಲ್ಕು ಪಾಠಗಳನ್ನು ಎಲ್ಲರಿಗಿಂತ ಮುಂಚೆ ಮುಗಿಸಿದವರಿಗೇ ಆ ಹುದ್ದೆ ಎಂದು ಮ್ಯಾನೇಜರರು ಸಾರಿದ ದಿನದಿಂದ ನಮ್ಮ ವಿಭಾಗದ ಹನ್ನೆರಡೂ ಮಂದಿ ತಮ್ಮ ಶಿಷ್ಯರಾದೆವು. ಹದಿಮೂರು ಪಾಠ ಹೇಗೋ ದಾಟಿದೆವು. ಹದಿನಾಲ್ಕನೆಯದರಲ್ಲಿ ತಾವು ‘ಹ್ಯಾಮರ್ ಔಟ್’ ಎಂಬುದನ್ನು ಮುಂದಿಟ್ಟು, ಇದಕ್ಕೂ ಸುತ್ತಿಗೆಗೂ ಸಂಬಂಧವಿಲ್ಲ, ದೀರ್ಘವಾಗಿ ಮಾತಾಡಿ, ಎರಡೂ ಕಡೆಯವರು ಒಂದಿಷ್ಟು ಬಿಟ್ಟುಕೊಟ್ಟು ಒಪ್ಪಂದಕ್ಕೆ ಬರುವುದೇ ಇದರ ಅರ್ಥ ಎಂದು ವಿವರಿಸಿ, ಐದು ಸ್ವಂತ ವಾಕ್ಯ ಕೇಳಿದಿರಿ.

ಇಲ್ಲಿ ನನ್ನ ಬಾಲ್ಯದ ದೋಷವೊಂದನ್ನು ತಮ್ಮ ಗಮನಕ್ಕೆ ತರಬೇಕಾಗಿದೆ. ಮೂರನೆಯ ತರಗತಿಯಲ್ಲಿ ‘ಆನೆ’ ಎಂಬ ಪದಕ್ಕೆ ನಾನು ‘ನಮ್ಮ ಮನೆಯಲ್ಲಿ ಆನೆ ಇದೆ’ ಎಂದು ಸ್ವಂತ ವಾಕ್ಯ ಮಾಡಿದಾಗ ಕನ್ನಡ ಮೇಷ್ಟ್ರು ‘ಎಲ್ಲೋ ಆನೆ? ಕರ್ಕೊಂಡು ಬಾ, ನೋಡೋಣ’ ಎಂದು, ಆನೆ ಬರುವವರೆಗೆ ನನ್ನನ್ನು ಬಾಗಿಲಾಚೆ ನಿಲ್ಲಿಸಿದ್ದರು. ಅಂದಿನಿಂದ ನಡೆಯದೇ ಇದ್ದುದನ್ನು ಸ್ವಂತ ವಾಕ್ಯದಲ್ಲಿ ಬರೆಯಲು ನನಗೆ ಕೈ ಬರುವುದಿಲ್ಲ. ನಮ್ಮ ವಿಭಾಗದ ಮಿಕ್ಕವರೂ ಅದೇ ಮೇಷ್ಟ್ರ ವಂಶದವರಿಂದ ಪಾಠ ಕಲಿತವರೇ. ಆದ್ದರಿಂದ ವಾಕ್ಯ ಬೇಕಾದರೆ ಒಪ್ಪಂದ ಆಗಬೇಕಿತ್ತು. ಒಪ್ಪಂದ ಬೇಕಾದರೆ ಮೊದಲು ಜಗಳ ಆಗಬೇಕಿತ್ತು.

ನೆಮ್ಮದಿಯ ಮನೆಯಲ್ಲಿ ಜಗಳ ಹುಟ್ಟಿಸುವ ಕಷ್ಟ ತಮಗೆ ತಿಳಿಯದು. ಮಂಚದ ಗೋಡೆಯ ಬದಿ ಇನ್ನು ಮುಂದೆ ನನ್ನದು ಎಂದು ಎದೆಯುಬ್ಬಿಸಿ ಹೇಳಿದರೆ ನನ್ನ ಹೆಂಡತಿ ‘ಮಲಕ್ಕೊಳ್ಳಿ, ಅದಕ್ಕೇನಂತೆ’ ಎಂದು ಆ ಕ್ಷಣವೇ ದಿಂಬು ಎತ್ತಿಕೊಂಡಳು. ಒಂದು ವಾಕ್ಯವೂ ಹೋಯಿತು, ಮಂಚದ ಒಳ್ಳೆಯ ಬದಿಯೂ ಹೋಯಿತು. ಅತ್ತೆಯವರಲ್ಲಿ ಮಾತು ತೆಗೆಯುವಷ್ಟರಲ್ಲಿ ‘ನಾನಂತೂ ಒಪ್ಪಲ್ಲ ಅಳಿಯಂದಿರೇ, ಈಗ ವಿಷಯ ಏನೂಂತ ಹೇಳಿ’ ಎಂದರು. ಅಂಥ ಪ್ರತಿಭೆಯೆದುರು ಆರು ದಿನ ಮಾತುಕತೆ ನಡೆಸಿ, ನಡುಮನೆಯ ಕಿಟಕಿ ಹನ್ನೆರಡರಿಂದ ನಾಲ್ಕರವರೆಗೆ ಅರ್ಧ ತೆರೆದಿರತಕ್ಕದ್ದು, ಪರದೆಯ ಮೇಲಿನ ಹಕ್ಕು ಶಾಶ್ವತವಾಗಿ ಅತ್ತೆಯವರದು ಎಂದು ತೀರ್ಮಾನವಾಯಿತು. ‘ಮೈ ಮದರ್-ಇನ್-ಲಾ ಅಂಡ್ ಐ ಹ್ಯಾಮರ್ಡ್ ಔಟ್ ಆ್ಯನ್ ಅಗ್ರಿಮೆಂಟ್ ಅಬೌಟ್ ದಿ ವಿಂಡೋ.’ ತಾವು ಶಹಬ್ಬಾಸ್ ಎಂದಿರಿ. ಅತ್ತೆಯವರು ಮಾತ್ರ ಈಗಲೂ ಅದನ್ನು ತಾತ್ಕಾಲಿಕ ಎನ್ನುತ್ತಾರೆ.

ಕಾರ್ಖಾನೆಯ ಅವಸ್ಥೆ ಇನ್ನೂ ರಮಣೀಯವಾಗಿತ್ತು. ಹನ್ನೆರಡು ಮಂದಿಗೆ ಅರವತ್ತು ವಾಕ್ಯ ಬೇಕು. ನಮ್ಮಲ್ಲಿದ್ದ ನಿಜವಾದ ತಕರಾರು ಎರಡೇ, ಒಂದು ಫ್ಯಾನು, ಇನ್ನೊಂದು ಏಳು ನಿಮಿಷ ಮುಂದೋಡುವ ಗೋಡೆ ಗಡಿಯಾರ. ಫ್ಯಾನಿನ ಬಗ್ಗೆ ಜಗಳವಾಡಲು ಸರದಿ ನಿಂತಿತು. ತೂಕದವರೂ ಲಾರಿ ಡ್ರೈವರೂ ಗೇಟಿನ ಯಾವ ಪಕ್ಕ ಯಾರು ನಿಲ್ಲಬೇಕೆಂದು ಎರಡು ದಿನ ಕಾದಾಡಿ, ಮೂರನೆಯ ದಿನ ಯಾರು ಯಾವ ಪಕ್ಕ ಕೇಳಿದ್ದೆಂಬುದನ್ನೇ ಮರೆತು, ನೆನಪಿದ್ದವರನ್ನು ಹುಡುಕಿಕೊಂಡು ಬಂದರು. ವಾಕ್ಯಕ್ಕೊಂದು ವ್ಯಾಜ್ಯ, ವ್ಯಾಜ್ಯಕ್ಕೊಂದು ರಾಜಿ, ಸೀಸೆಗಳು ಮಾತ್ರ ಇದ್ದಲ್ಲೇ ಇದ್ದವು.

ಎಲ್ಲೆಲ್ಲೂ ಗುಂಪು ಕಂಡು, ಮುಷ್ಕರವೇ ಇರಬೇಕೆಂದು ಬೆವರಿದ ಮ್ಯಾನೇಜರರು ಓಡಿ ಬಂದು ‘ಕೂತು ಮಾತಾಡೋಣ, ನಿಮ್ಮ ಬೇಡಿಕೆ ಏನು ಹೇಳಿ’ ಎಂದರು. ಬೇಡಿಕೆ ಯಾರ ಬಳಿಯೂ ಇರಲಿಲ್ಲ. ಡ್ರೈವರು ಬಾಯಿಗೆ ಬಂದಂತೆ ಇನ್ನೊಂದು ಫ್ಯಾನು ಬೇಕು ಎಂದುಬಿಟ್ಟರು. ಮ್ಯಾನೇಜರರು ‘ಆಯ್ತು’ ಎಂದರು! ಹನ್ನೆರಡು ವಾಕ್ಯ ಒಂದೇ ಉಸಿರಿಗೆ ನೀರುಪಾಲಾದದ್ದನ್ನು ಕಂಡ ತೂಕದವರು ‘ಸ್ವಲ್ಪ ಆಗಲ್ಲ ಅನ್ನಿ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ’ ಎಂದು ಅಂಗಲಾಚಿದರು. ಕೇಳಿದ್ದು ಕೊಟ್ಟದ್ದಕ್ಕೆ ನೌಕರರು ಅಳುವುದನ್ನು ಅವರು ಹಿಂದೆಂದೂ ನೋಡಿರಲಿಲ್ಲವಂತೆ.

ಹೀಗೆ ಒಬ್ಬೊಬ್ಬರೇ ಸೋತು ಸರಿದು, ನಾಲ್ಕು ನಾಲ್ಕು ವಾಕ್ಯ ಮುಗಿಸಿದವರು ಇಬ್ಬರೇ ಉಳಿದೆವು: ನಾನು, ಮತ್ತು ಹುಲ್ಲಣ್ಣ. ಸೀಸೆಗಳಿಗೆ ಹುಲ್ಲು ಸುತ್ತಿ ಪೆಟ್ಟಿಗೆಗೆ ಇಳಿಸುವ ಆತನ ಕೈಯಿಂದ ಇವತ್ತಿನವರೆಗೆ ಒಂದು ಸೀಸೆಯೂ ಒಡೆದಿಲ್ಲ. ಹದಿನೆಂಟು ವರ್ಷದಿಂದ ಅವನ ಹುಲ್ಲಿನ ರಾಶಿಯ ಮೇಲೆ ಕೂತೇ ನಮ್ಮಿಬ್ಬರ ಮಧ್ಯಾಹ್ನದ ಊಟ. ಮೇಲ್ವಿಚಾರಕನಿಗಾದರೋ ಗಾಜಿನ ಗೋಡೆಯ ಪ್ರತ್ಯೇಕ ಕೋಣೆ, ಪ್ರತ್ಯೇಕ ಊಟದ ಮೇಜು. ‘ನೀನು ಆ ಗಾಜಿನ ಗೂಡೊಳಗೆ ಕೂತ್ರೆ ನಿನ್ನ ನಾನು ಸಾರ್ ಅನ್ನಬೇಕು ಮಾರಾಯ’ ಎಂದ ಹುಲ್ಲಣ್ಣ. ‘ಇಷ್ಟು ವರ್ಷ ಕತ್ತೆ ಅಂದ ನಾಲಿಗೆ, ಈಗ ಎಲ್ಲಿ ಹೊರಳುತ್ತೆ?’ ಅವನ ಹಾಜರಿ ಹಿಡಿಯುವ ಕೆಲಸ ನನಗೂ ಬೇಡವಾಗಿತ್ತು. ಮೂರು ಮಧ್ಯಾಹ್ನ ಮಾತಾಡಿದೆವು. ಅವನು ಹುದ್ದೆಯ ಆಸೆ ಬಿಟ್ಟ, ನಾನೂ ಬಿಟ್ಟೆ. ಇಬ್ಬರೂ ಐದನೆಯ ವಾಕ್ಯ ಬರೆಯತಕ್ಕದ್ದಲ್ಲ, ಇಂದು ಸಂಜೆ ಐದರ ಗಡುವು ಮುಗಿದ ಮೇಲೆ ಮ್ಯಾನೇಜರರು ಹೊರಗಿನವರನ್ನು ಯಾರನ್ನಾದರೂ ತಂದುಕೊಳ್ಳಲಿ ಎಂದು ಕೈಮೇಲೆ ಕೈ ಹಾಕಿ ಒಪ್ಪಿಕೊಂಡೆವು.

ಇಡೀ ಗದ್ದಲದಲ್ಲಿ ಹುಟ್ಟಿಸಿದ ಜಗಳವಿಲ್ಲದೆ ಆದ ಒಪ್ಪಂದ ಇದೊಂದೇ. ಅದೇ ನನ್ನ ಗ್ರಹಚಾರ. ದೀರ್ಘ ಮಾತುಕತೆ, ಎರಡೂ ಕಡೆಯ ತ್ಯಾಗ, ಅಪ್ಪಟ ಸತ್ಯ, ತಾವು ಕೇಳಿದ ಲಕ್ಷಣವೆಲ್ಲ ಅದರಲ್ಲಿ ಮೂಡಿತ್ತು. ಇಂಗ್ಲಿಷಿನಲ್ಲಿ ಹೇಗೆ ಕಾಣುತ್ತದೋ ನೋಡೋಣವೆಂದು ಸುಮ್ಮನೆ ಟೈಪಿಸಿದೆ. ‘ಹುಲ್ಲಣ್ಣ ಅಂಡ್ ಐ ಹ್ಯಾಮರ್ಡ್ ಔಟ್ ಆ್ಯನ್ ಅಗ್ರಿಮೆಂಟ್ ನಾಟ್ ಟು ರೈಟ್ ದಿಸ್ ಸೆಂಟೆನ್ಸ್.’ ಅಷ್ಟರಲ್ಲಿ ತಾವು ಹಸಿದವರಂತೆ ಅದನ್ನು ತಾವಾಗಿಯೇ ನುಂಗಿ, ‘ಅದ್ಭುತ! ಇದು ನಿಮ್ಮ ಅತ್ಯುತ್ತಮ ವಾಕ್ಯ!’ ಎಂದು ಪರದೆಯ ತುಂಬ ಹೂಮಳೆ ಸುರಿಸಿದಿರಿ.

ಕರುಣಾಳುಗಳೇ, ಈಗ ಮೂರೂಮುಕ್ಕಾಲು. ಒಂದು ಅಕ್ಷರ ಕೆಡಿಸಿ. ಕಾಪಿ ಹೊಡೆದ ಎನ್ನಿ. ಅದೂ ಆಗದಿದ್ದರೆ ಇಂಗ್ಲಿಷ್ ಭಾಷೆಯಿಂದಲೇ ಆ ಪ್ರಯೋಗವನ್ನು ಐದು ಗಂಟೆಯ ಮಟ್ಟಿಗೆ ಹಿಂತೆಗೆದುಕೊಳ್ಳಿ, ಆರಕ್ಕೆ ವಾಪಸು ಕೊಟ್ಟರೆ ಯಾರೂ ಕೇಳುವುದಿಲ್ಲ. ಅತ್ತ ಹುಲ್ಲಣ್ಣ ಏನೂ ತಿಳಿಯದೆ ಪೆಟ್ಟಿಗೆ ತುಂಬುತ್ತಿದ್ದಾನೆ; ಈಗಷ್ಟೇ ಇತ್ತ ತಿರುಗಿ ‘ಐದಾದ್ರೆ ಪೀಡೆ ಕಳೀತು, ಅಲ್ವೇನೋ ಕತ್ತೆ’ ಎಂದ. ಹೂಂ ಎಂದೆ.

ಇಂತು, ಮಿಕ್ಕಿರುವ ಒಂದೂಕಾಲು ಗಂಟೆಯ ಮಟ್ಟಿಗೆ
ತಮ್ಮ ವಿಶ್ವಾಸಿ,
ರವಾನೆ ಗುಮಾಸ್ತ

ತಾಜಾ ಕಲಂ: ಒಪ್ಪಂದ ಕುದುರಿಸುವ ಪಾಠದ ಬೆನ್ನಿಗೇ, ಹದಿನೈದನೆಯದಾಗಿ, ಕೊಟ್ಟ ಮಾತಿನಿಂದ ಜಾರಿಕೊಳ್ಳುವ ‘ಬ್ಯಾಕ್ ಔಟ್’ ಪಾಠ ಜೋಡಿಸಿದ ತಮ್ಮ ಮುಂದಾಲೋಚನೆಗೆ ಶರಣು. ಆ ಪಾಠಕ್ಕೆ ಸ್ವಂತ ವಾಕ್ಯ ಹುಡುಕುವ ಕಷ್ಟ ನನಗಿಲ್ಲ. ಏಕೆಂದರೆ ತಾವು ಏನನ್ನೂ ನುಂಗಲಿಲ್ಲ. ‘ಕಳುಹಿಸಲೇ?’ ಎಂದು ಎರಡು ಸಲ ಕೇಳಿದಿರಿ. ಎರಡು ಸಲವೂ ನಾನೇ ಹೌದು ಎಂದೆ.