ಹೆಂಡತಿ ಫೇಲಾದ ಕಣ್ಣಿನ ಪಾಠ

ಒಂದೇ ಪಾಠವನ್ನು ಮೂವತ್ತು ವರ್ಷ ಹೇಳಿದವನಿಗೆ ಆ ಪಾಠ ಚೆನ್ನಾಗಿ ಬರುತ್ತದೆ ಎಂದು ಲೋಕ ನಂಬಿದೆ. ನಾನೂ ನಂಬಿದ್ದೆ. ಬಿಳಿಗೆರೆ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದು, ಈಗ ನಿವೃತ್ತನಾಗಿ ನಂಜನಗೂಡಿನಲ್ಲಿ ಮನೆ ಮಾಡಿಕೊಂಡಿರುವ ನನಗೆ ಕಣ್ಣಿನ ಪಾಠವೆಂದರೆ ಪ್ರಾಣ. ಒಂದೊಂದು ಕಣ್ಣುಗುಡ್ಡೆಗೆ ಆರು ಸ್ನಾಯು. ನಾಲ್ಕು ನೆಟ್ಟಗೆ, ಎರಡು ಓರೆ. ಓರೆಯವುಗಳಲ್ಲಿ ಒಂದಂತೂ ಬಾವಿಯ ಹಗ್ಗ ರಾಟೆಯ ಮೇಲೆ ಹಾಯುವಂತೆ ಪುಟ್ಟ ಕುಣಿಕೆಯೊಂದರಲ್ಲಿ ತೂರಿ, ತಿರುಗಿ ಬಂದು ಗುಡ್ಡೆಯನ್ನು ಹಿಡಿಯುತ್ತದೆ. ಎರಡು ಕಣ್ಣೂ ಒಂದೇ ನೊಗದ ಜೋಡೆತ್ತು ಎಂದರೆ ದೇವನೂರಿನಂಥ ಸುತ್ತಲ ಹಳ್ಳಿಗಳ ಮಕ್ಕಳಿಗೆ ತಟ್ಟನೆ ಅರ್ಥವಾಗುತ್ತಿತ್ತು. ಅಕ್ಷಿಪಟಲದ ಮೇಲೆ ಚಿತ್ರ ತಲೆಕೆಳಗಾಗಿ ಬೀಳುತ್ತದೆ ಎಂದಾಗ ಹೆಡತಲೆ ಊರಿನ ಹುಡುಗಿಯೊಬ್ಬಳು ಎದ್ದುನಿಂತು, ಶೀರ್ಷಾಸನ ಹಾಕಿದವರಿಗೆ ನೆಟ್ಟಗೆ ಬೀಳುತ್ತದೆಯೇ ಎಂದು ಕೇಳಿದಳು. ಸಿಲಬಸ್ಸಿನಲ್ಲಿಲ್ಲ, ಕೂತುಕೋ ಎಂದೆ. ಮನೆಗೆ ಬಂದು ಗೋಡೆಗೆ ಕಾಲು ಕೊಟ್ಟು ತಲೆಕೆಳಗಾಗಿ ನಿಂತು ನೋಡಿದೆ. ಸೊಂಟ ಹಿಡಿದುಕೊಂಡದ್ದು ಬಿಟ್ಟರೆ ಹೊಸದೇನೂ ತಿಳಿಯಲಿಲ್ಲ.

ಇಷ್ಟೆಲ್ಲ ಹೇಳಿದ್ದು ನಮ್ಮ ಮನೆಯ ಅನ್ನದಲ್ಲಿ ಕಲ್ಲು ಸಿಕ್ಕ ವಿಷಯಕ್ಕೆ ಬರಲು. ನನ್ನ ಹೆಂಡತಿ ರತ್ನಳ ತವರು ಟಿ. ನರಸೀಪುರ. ಅಲ್ಲಿಂದ ಭಾಮೈದ ಕಳಿಸುವ ಗದ್ದೆಯ ಅಕ್ಕಿಯೇ ನಮ್ಮ ಊಟಕ್ಕೆ. ಅದರಲ್ಲಿ ಕಲ್ಲಿರುವುದು ಹೊಸತಲ್ಲ, ಆದರೆ ರತ್ನ ಮೊರ ಹಿಡಿದು ಕೂತರೆ ಒಂದು ಕಲ್ಲೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಅಂಥದ್ದು ಈಚೆಗೆ ವಾರಕ್ಕೆರಡು ಸಲ ಕಟಕ್ ಎನ್ನತೊಡಗಿತು. ಮೊದಲ ಸಲ ಕಲ್ಲನ್ನು ತೆಗೆದು ತಟ್ಟೆಯ ಅಂಚಿಗಿಟ್ಟೆ. ಎರಡನೆಯ ಸಲ ಭಾಮೈದನ ಗುಣಗಾನ ಮಾಡಿದೆ. ಮೂರನೆಯ ಸಲ ನನ್ನ ದವಡೆ ಹಲ್ಲಿನ ಒಂದು ಮೂಲೆ ಹೋಯಿತು. ನನ್ನ ತಮ್ಮನ್ನ ಅನ್ನಬೇಡಿ, ನಾನೇ ಸರಿಯಾಗಿ ಆರಿಸಲಿಲ್ಲವೇನೋ ಎಂದು ರತ್ನ ಮೆಲ್ಲಗೆ ಹೇಳಿದಳು. ಮೂವತ್ತೈದು ವರ್ಷದಲ್ಲಿ ಅವಳು ತಪ್ಪೊಪ್ಪಿಕೊಂಡದ್ದು ಅದೇ ಮೊದಲು. ಅಲ್ಲಿಯೇ ನನಗೆ ಅನುಮಾನ ಬರಬೇಕಿತ್ತು. ಬಂದದ್ದು ಪಾಠ ಹೇಳುವ ಹುಮ್ಮಸ್ಸು.

ಪ್ರತಿಯೊಬ್ಬರ ಕಣ್ಣಿನಲ್ಲೂ ಏನೂ ಕಾಣದ ಜಾಗವೊಂದಿದೆ, ಅಂಧಬಿಂದು ಅಂತ. ನರ ಹೊರಗೆ ಹೋಗುವ ಬಾಗಿಲು ಅದು. ಕಲ್ಲು ಅಲ್ಲಿ ಬಿದ್ದಿರಬೇಕು ಎಂದು ವಿವರಿಸಿ, ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಎಡಕ್ಕೊಂದು ಪ್ಲಸ್ಸು, ಬಲಕ್ಕೊಂದು ಗುಂಡನೆಯ ಬೊಟ್ಟು ಬರೆದೆ. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಪ್ಲಸ್ಸನ್ನೇ ನೋಡುತ್ತ ಕಾಗದವನ್ನು ಹತ್ತಿರ ತಂದರೆ, ಒಂದು ಕಡೆ ಬೊಟ್ಟು ಮಾಯವಾಗಬೇಕು. ಎಷ್ಟು ವರ್ಷ ಎಷ್ಟು ಮಕ್ಕಳು ಇದನ್ನು ಮಾಡಿ ಬಾಯಿ ಬಿಟ್ಟಿದ್ದಾರೆ. ರತ್ನ ಎಡಗಣ್ಣಿಗೆ ಸೆರಗು ಒತ್ತಿಕೊಂಡು ನೋಡಿದಳು.

"ಬೊಟ್ಟು ಅಲ್ಲೇ ಅದೆ ಕಣ್ರೀ. ಪ್ಲಸ್ಸೇ ಇಲ್ಲ."

ಹಾಗಾಗುವುದಿಲ್ಲ, ಮಾಯವಾಗಬೇಕಾದ್ದು ಬೊಟ್ಟು ಎಂದೆ. ಮತ್ತೆ ನೋಡಿದಳು, ಅದೇ ಉತ್ತರ. ನೋಡುವುದು ಯಾವುದನ್ನು, ಹೇಳುವುದು ಯಾವುದನ್ನು ಎಂದು ರೇಗಿದೆ. ಮೂರನೆಯ ಸಲವೂ ಪ್ಲಸ್ಸು ಇಲ್ಲವೆಂದಾಗ, ಪ್ರಯೋಗ ಮಾಡಲು ಬಾರದವರಿಗೆ ಸೊನ್ನೆ ಎಂದು ಕಾಗದದ ಮೇಲೇ ಬರೆದುಕೊಟ್ಟೆ. ಓಗ್ಲಿ ಬುಡಿ ಎಂದು ಅವಳು ಒಗ್ಗರಣೆ ಹಾಕಲು ಎದ್ದುಹೋದಳು.

ಎರಡು ದಿನ ಕಳೆದು, ಬೆಳಗಿನ ಕಾಫಿ ಕುಡಿಯುವಾಗ ನನಗೆ ಪಾಠದ ಇನ್ನೊಂದು ಸಾಲು ನೆನಪಾಯಿತು. ನಾವು ನೆಟ್ಟು ನೋಡುವ ವಸ್ತುವಿನ ಬಿಂಬ ಬೀಳುವುದು ಅಕ್ಷಿಪಟಲದ ನಟ್ಟನಡುವೆ, ಹಳದಿ ಚುಕ್ಕೆಯ ಮೇಲೆ. ಅಕ್ಷರ ಓದುವುದು, ಸೂಜಿಗೆ ದಾರ ಪೋಣಿಸುವುದು, ಕಲ್ಲು ಆರಿಸುವುದು, ಎಲ್ಲ ಅದರ ಕೆಲಸ. ನೆಟ್ಟು ನೋಡಿದ ಪ್ಲಸ್ಸೇ ಕಾಣದಿದ್ದರೆ? ಎಡಗಣ್ಣು ಚೆನ್ನಾಗಿದ್ದು ಬಲಗಣ್ಣಿನ ಕೊರತೆಯನ್ನು ಇಷ್ಟು ದಿನ ಮುಚ್ಚಿಕೊಂಡು ಬಂದಿದ್ದರೆ? ಕಾಫಿ ಲೋಟ ಕೆಳಗಿಟ್ಟೆ. ನಿಜವಾಗಿ ಹೆದರಿದೆ. ಅವಳು ಉತ್ತರ ಸರಿಯಾಗಿಯೇ ಬರೆದಿದ್ದಳು, ತಿದ್ದಿದವನೇ ದಡ್ಡ.

ಅವತ್ತೇ ಮೈಸೂರಿನ ಕಣ್ಣಾಸ್ಪತ್ರೆಗೆ ಹೋದೆವು. ಹನಿ ಹಾಕಿ, ಪಾಪೆ ಅಗಲವಾಗುವವರೆಗೆ ಕೂರಿಸಿ, ಡಾಕ್ಟರಮ್ಮ ರತ್ನಳ ಅಕ್ಷಿಪಟಲವನ್ನು ಪರದೆಯ ಮೇಲೆ ತೋರಿಸಿದರು. ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ನಾನು ಬರೆಯುತ್ತಿದ್ದ ಗೆರೆ ಎಲ್ಲಿ, ಕಿತ್ತಳೆ ಬಣ್ಣದ ನೆಲದ ಮೇಲೆ ಕೆಂಪು ಕವಲುಗಳು ಹರಡಿದ್ದ ಆ ಚೆಲುವು ಎಲ್ಲಿ! ಹೆದರಿಕೆಯ ನಡುವೆಯೂ ಕತ್ತು ಮುಂದೆ ಚಾಚಿ ಇದು ಯಾವುದು, ಅದು ಯಾವುದು ಎಂದು ಕೇಳುತ್ತಲೇ ಇದ್ದೆ. ಹಳೆಯ ಸಕ್ಕರೆ ಕಾಯಿಲೆಯಿಂದ ನಟ್ಟನಡುವೆ ನೀರು ತುಂಬಿ ಊದಿಕೊಂಡಿದೆ, ಕಣ್ಣಿಗೇ ಇಂಜೆಕ್ಷನ್ ಕೊಟ್ಟರೆ ಇಳಿಯಬಹುದು, ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು. ಒಂದೇ ಕಣ್ಣಿನದು ಸಾಮಾನ್ಯವಾಗಿ ಯಾರಿಗೂ ಗೊತ್ತಾಗುವುದಿಲ್ಲ, ನಿಮಗೆ ಹೇಗೆ ಗೊತ್ತಾಯಿತು ಎಂದು ಅವಳನ್ನು ಕೇಳಿದರು.

"ನಮ್ಮೆಜಮಾನ್ರು ಪರೀಕ್ಷೆ ಮಾಡುದ್ರು ಮೇಡಂ," ಎಂದಳು ರತ್ನ. "ನಾನು ಫೇಲಾದೆ."

ಮೂರು ಇಂಜೆಕ್ಷನ್ ಆದ ಮೇಲೆ ಪ್ಲಸ್ಸು ಮಸುಕುಮಸುಕಾಗಿ ಬಂದಿದೆ. ಆಸ್ಪತ್ರೆಯವರು ಚೌಕುಳಿ ಗೆರೆಗಳ ಕಾಗದವೊಂದನ್ನು ಕೊಟ್ಟು, ದಿನವೂ ಒಂದೊಂದೇ ಕಣ್ಣಿನಿಂದ ನೋಡಿ, ಗೆರೆ ಬಾಗಿದರೆ ತಕ್ಷಣ ಬನ್ನಿ ಎಂದಿದ್ದಾರೆ. ಸಕ್ಕರೆ ಕಾಯಿಲೆ ನನಗೂ ಇರುವುದರಿಂದ ರತ್ನ ಅದನ್ನು ಗೋಡೆಗೆ ಅಂಟಿಸಿ ನನ್ನನ್ನೂ ನಿಲ್ಲಿಸುತ್ತಾಳೆ. ಹೋದ ಸೋಮವಾರ ನನ್ನ ಎಡಗಣ್ಣಿಗೆ ಒಂದು ಗೆರೆ ಕೊಂಚ ಬಾಗಿದಂತೆ ಕಂಡಿತು. ಎಲ್ಲಾ ನೆಟ್ಟಗಿದೆ ಎಂದುಬಿಟ್ಟೆ. ಕಣ್ಣೊಳಗೆ ಸೂಜಿ ಎಂದರೆ ನನಗೆ ಕೈಕಾಲು ತಣ್ಣಗಾಗುತ್ತದೆ. ಮಂಗಳವಾರದಿಂದ, ಬಲಗಣ್ಣು ಮುಚ್ಚಿದ ಕೈಯ ಬೆರಳುಗಳನ್ನು ಒಂಚೂರು ಅಗಲಿಸಿ ಎರಡೂ ಕಣ್ಣಿನಿಂದ ನೋಡುವುದನ್ನು ಕಲಿತೆ. ಗೆರೆಗಳು ತಕ್ಕಮಟ್ಟಿಗೆ ನೆಟ್ಟಗಾದವು. ಇವತ್ತು ಬೆಳಿಗ್ಗೆ ರತ್ನ ಹಿಂದಿನಿಂದ ಬಂದು ನಿಂತದ್ದು ನನಗೆ ತಿಳಿಯಲಿಲ್ಲ.

"ಮೇಷ್ಟ್ರೇ, ಕಾಪಿ ಹೊಡಿಯೋರ್ನ ನೀವೇನ್ ಮಾಡ್ತಿದ್ರಿ?"

ಹೊರಕ್ಕೆ ಕಳಿಸುತ್ತಿದ್ದೆ ಎಂದೆ.

"ಸರಿ, ಚಪ್ಪಲಿ ಮೆಟ್ಕೊಳ್ಳಿ. ಮೈಸೂರ್ ಬಸ್ಸು ಬರೋ ಹೊತ್ತಾಯ್ತು."